ರಕ್ತ ವಾಂತಿ, ಕಪ್ಪು ಮಲ: ಮೊದಲ ಗಂಟೆಯಲ್ಲಿ ದಾದಿಯ ಕೈಯಲ್ಲಿರುವುದೇನು?

"ರಕ್ತ ಕಾರಿ ಸಾಯಿ" ಎನ್ನುವುದು ನಮ್ಮಲ್ಲಿ ಶಾಪದ ಮಾತು. ಕರಾವಳಿಯಲ್ಲೂ ಘಟ್ಟದ ಮೇಲೂ ಇದನ್ನು ಕೇಳದವರಿಲ್ಲ. ಒಬ್ಬರು ಇದ್ದಕ್ಕಿದ್ದಂತೆ ರಕ್ತ ವಾಂತಿ ಮಾಡಿ ತೀರಿಕೊಂಡರೆ ಮಾಟ ಮಾಡಿಸಿದ್ದಾರೆ, ಪೀಡೆ ಬಡಿದಿದೆ ಎಂಬ ಮಾತು ಶವ ಎತ್ತುವ ಮೊದಲೇ ಅಂಗಳದಲ್ಲಿ ಹರಿದಾಡುತ್ತದೆ. ನಮ್ಮ ಧರ್ಮಕೇಂದ್ರಗಳ ಮನೆಗಳೂ ಇದಕ್ಕೆ ಹೊರತಲ್ಲ. ಈ ಮಾತಿನಿಂದ ಆಗುವ ದೊಡ್ಡ ಹಾನಿ ಎಂದರೆ ಹೊತ್ತು ಕಳೆದುಹೋಗುವುದು. ಮಂತ್ರವಾದಿಯನ್ನೋ ಧರ್ಮಗುರುವನ್ನೋ ಕರೆಯಲು ಓಡುವ ಅರ್ಧ ಗಂಟೆಯಲ್ಲಿ ರೋಗಿಯ ದೇಹದಿಂದ ಒಂದು ಲೀಟರ್ ರಕ್ತ ಹೋಗಿರಬಹುದು.

ಹೊಟ್ಟೆ ಮತ್ತು ಕರುಳಿನೊಳಗಿನ ಈ ತೀವ್ರ ರಕ್ತಸ್ರಾವಕ್ಕೆ ಕಾರಣಗಳಿವೆ, ಚಿಕಿತ್ಸೆಯೂ ಇದೆ. ಮೊದಲ ಗಂಟೆಯಲ್ಲಿ ಆಗಬೇಕಾದ ಚಿಕಿತ್ಸೆಯ ಬಹುಪಾಲು ದಾದಿಯ ಕೈಯಲ್ಲಿರುತ್ತದೆ. ದೊಡ್ಡ ಯಂತ್ರಗಳ ಸರದಿ ಬರುವುದು ಆಮೇಲೆ. ನಮ್ಮ ಓದುಗರಲ್ಲಿ ನರ್ಸಿಂಗ್ ಸೇವೆಯಲ್ಲಿರುವವರು, ಘಟ್ಟದ ಮೇಲಿನ ಚಿಕಿತ್ಸಾಲಯಗಳಲ್ಲಿ ದುಡಿಯುವ ಧರ್ಮಭಗಿನಿಯರು, ವಾಳೆಯ ಗುರ್ಕಾರರು, ಮನೆಯಲ್ಲಿ ವೃದ್ಧರನ್ನು ನೋಡಿಕೊಳ್ಳುವವರು ಎಲ್ಲರೂ ಇದ್ದೀರಿ. ಅವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದ ಲೇಖನವಿದು. ಔಷಧಿಯ ಆದೇಶ ಕೊಡಬೇಕಾದವರು ವೈದ್ಯರೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಯಾವ ಸಿದ್ದಾಪುರ?

ಉದಾಹರಣೆಗೆ ಸಿದ್ದಾಪುರವನ್ನು ತೆಗೆದುಕೊಳ್ಳೋಣ. ಕರಾವಳಿಯವರಿಗೆ ಸಿದ್ದಾಪುರ ಎಂದರೆ ಕುಂದಾಪುರದ ಕಡೆಯದೋ ಉತ್ತರ ಕನ್ನಡದ್ದೋ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಕೊಪ್ಪಳ ಜಿಲ್ಲೆಯ ಸಿದ್ದಾಪುರ. ಗಂಗಾವತಿಯಿಂದ ಕಾರಟಗಿ, ಸಿಂಧನೂರು ಕಡೆಗೆ ಹೋಗುವ ದಾರಿಯಲ್ಲಿದೆ. 1997ರವರೆಗೆ ಈ ಸೀಮೆಯೆಲ್ಲ ರಾಯಚೂರು ಜಿಲ್ಲೆಯಲ್ಲಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇದು ಭತ್ತದ ಕಣಜವಾಯಿತು. ಸುತ್ತಲೂ ಗದ್ದೆ, ಅಕ್ಕಿ ಗಿರಣಿ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು. ಧರ್ಮಸಭೆಯ ಲೆಕ್ಕದಲ್ಲಿ ಈ ಪ್ರದೇಶ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ.

ನಮಗೂ ಆ ಊರಿಗೂ ಏನು ಸಂಬಂಧ ಎಂದು ಕೇಳಬೇಡಿ. ಮಂಗಳೂರು, ಉಡುಪಿಯಲ್ಲಿ ಎದ್ದ ಕಟ್ಟಡಗಳಿಗೆ ಕಲ್ಲು ಹೊತ್ತವರಲ್ಲಿ, ಕಾಂಕ್ರೀಟು ಹಾಕಿದವರಲ್ಲಿ ಕೊಪ್ಪಳ, ರಾಯಚೂರು, ಗದಗ, ಬಾಗಲಕೋಟೆಯವರೇ ಬಹಳ. ಅವರು ನಮ್ಮ ಆಸ್ಪತ್ರೆಗಳಿಗೆ ಬರುತ್ತಾರೆ, ಇಲ್ಲಿ ಕಲಿತ ದಾದಿಯರು ಅವರ ಜಿಲ್ಲೆಗಳಿಗೆ ಹೋಗುತ್ತಾರೆ. ಮಂಗಳೂರಿನಲ್ಲಿ ರಕ್ತ ವಾಂತಿಯಾದರೆ ಒಳಗೆ ಇಣುಕಿ ನೋಡುವ ಎಂಡೋಸ್ಕೋಪಿ ಇರುವ ಆಸ್ಪತ್ರೆ ಕೂಗಳತೆಯಲ್ಲಿದೆ. ಸಿದ್ದಾಪುರದಲ್ಲಿ ಆದರೆ ಮೊದಲು ಗಂಗಾವತಿ, ಅಲ್ಲಿಂದ ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇಲ್ಲವೇ 1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು. ದಾರಿಯೇ ಗಂಟೆಗಟ್ಟಲೆ. ಆ ದಾರಿಯಲ್ಲಿ ರೋಗಿ ಉಳಿಯುವನೇ ಎಂಬುದೇ ನಿಜವಾದ ಪ್ರಶ್ನೆ.

ಒಂದು ಸಮಾಧಾನದ ಸಂಗತಿಯೂ ಇದೆ. ಹಾಂಗ್‌ಕಾಂಗ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಜ್ಞರು ನೋಡಿದ 6 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿಸಿಕೊಂಡವರಿಗೂ 6ರಿಂದ 24 ಗಂಟೆಯೊಳಗೆ ಮಾಡಿಸಿಕೊಂಡವರಿಗೂ ಸಾವಿನ ಪ್ರಮಾಣದಲ್ಲಿ ಅವಸರ ಮಾಡಿದ್ದರ ಲಾಭ ಕಾಣಲಿಲ್ಲ. ಆಘಾತ ಸ್ಥಿತಿಯಿಂದ ಹೊರಗೆ ಬಾರದವರು ಆ ಅಧ್ಯಯನದಲ್ಲಿ ಇರಲಿಲ್ಲ. ಅಂದರೆ, ರಕ್ತದ ಒತ್ತಡ ಕುಸಿಯದಂತೆ ರೋಗಿಯನ್ನು ಹಿಡಿದಿಟ್ಟರೆ ದೂರದ ಊರಿನವನಿಗೂ ಸಮಯವಿದೆ. ಹಿಡಿದಿಡುವವರು ಯಾರು? ಅಲ್ಲಿ ಕರ್ತವ್ಯದಲ್ಲಿರುವ ದಾದಿ.

ಗುರುತಿಸುವುದು ಹೇಗೆ?

ಕೆಂಪು ರಕ್ತವನ್ನು ವಾಂತಿ ಮಾಡಿದರೆ ಯಾರಿಗಾದರೂ ತಿಳಿಯುತ್ತದೆ. ತಪ್ಪಿಹೋಗುವುದು ಉಳಿದ ಎರಡು ರೂಪಗಳು. ಹೊಟ್ಟೆಯ ಆಮ್ಲದಲ್ಲಿ ಸ್ವಲ್ಪ ಹೊತ್ತು ನಿಂತ ರಕ್ತ ಕಂದು ಕಪ್ಪಾಗಿ ಕಾಫಿ ಚರಟದಂತೆ ವಾಂತಿಯಲ್ಲಿ ಬರುತ್ತದೆ. ಮನೆಯವರು ಅದನ್ನು "ಪಿತ್ತ" ಎಂದು ಒರೆಸಿ ಹಾಕುತ್ತಾರೆ. ಕೆಳಗಿಳಿದ ರಕ್ತ ಕರುಳಿನಲ್ಲಿ ಜೀರ್ಣವಾಗಿ ಮಲವನ್ನು ಡಾಂಬರಿನಂತೆ ಮಾಡುತ್ತದೆ: ಕಪ್ಪು, ಜಿಗುಟು, ನೀರು ಹಾಕಿದರೂ ಬೇಗ ಹೋಗದು, ಒಮ್ಮೆ ಮೂಗಿಗೆ ಬಡಿದರೆ ಮರೆಯಲಾಗದ ದುರ್ವಾಸನೆ. 50ರಿಂದ 100 ಮಿಲಿಲೀಟರ್ ರಕ್ತ, ಅಂದರೆ ಅರ್ಧ ಲೋಟದಷ್ಟು, ಹೊಟ್ಟೆಯಲ್ಲಿ ಸೋರಿದರೂ ಮಲ ಹೀಗಾಗಬಹುದು.

ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರ ಮಲವೂ ಕಪ್ಪಾಗುತ್ತದೆ. ಆದರೆ ಅದು ಹಸಿರು ಮಿಶ್ರಿತ ಕಪ್ಪು, ಜಿಗುಟಿರುವುದಿಲ್ಲ, ಆ ವಾಸನೆಯೂ ಇರುವುದಿಲ್ಲ. ಬೀಟ್‌ರೂಟ್ ತಿಂದ ಮರುದಿನ ಕೆಂಪು ಕಂಡು ಗಾಬರಿಯಾಗುವವರೂ ಇದ್ದಾರೆ. ಕೆಮ್ಮಿನ ಜೊತೆ ನೊರೆನೊರೆಯಾಗಿ ಬರುವ ಕೆಂಪು ರಕ್ತ ಶ್ವಾಸಕೋಶದ್ದು. ಅದರ ದಾರಿ ಬೇರೆ, ಕ್ಷಯದ ಪರೀಕ್ಷೆಯೂ ಆಗಬೇಕು.

ಇಲ್ಲಿ ಭಾಷೆಯ ಮಾತೊಂದು. ಕರಾವಳಿಯ ದಾದಿ "ಮಲ ವಿಸರ್ಜನೆ ಹೇಗಿದೆ?" ಎಂದು ಕೇಳಿದರೆ ಸಿದ್ದಾಪುರದ ಯಜಮಾನ ಮುಖ ಮುಖ ನೋಡುತ್ತಾನೆ, ಇಲ್ಲವೇ ನಾಚಿಕೆಯಿಂದ "ಆರಾಮ್ ಐತ್ರೀ" ಎನ್ನುತ್ತಾನೆ. "ಸಂಡಾಸ ಕರ್ರಗ ಆಗೈತೇನ್ರೀ, ಡಾಂಬರ್ ಇದ್ದಂಗ?" ಎಂದು ಕೇಳಿದರೆ ಉತ್ತರ ಬರುತ್ತದೆ. "ಎದ್ದ್ ನಿಂತ್ರ ಕಣ್ಣಿಗೆ ಕತ್ಲ ಬರ್ತೈತೇನ್ರೀ?" ಎಂಬುದು ಎರಡನೆಯ ಪ್ರಶ್ನೆ. ಹೆಂಗಸರು ಗಂಡಸರ ಎದುರು ಇದನ್ನು ಹೇಳುವುದೇ ಇಲ್ಲ, ಪಕ್ಕಕ್ಕೆ ಕರೆದು ಕೇಳಬೇಕು. ವಾಂತಿಯೇ ಇಲ್ಲದೆ ಬರೀ ಸುಸ್ತು, ತಲೆ ತಿರುಗು ಎಂದು ಬಂದವರಲ್ಲಿ ಈ ಎರಡು ಪ್ರಶ್ನೆಗಳಷ್ಟೇ ರೋಗವನ್ನು ಹಿಡಿದುಕೊಡುತ್ತವೆ. ಸಂಶಯವಿದ್ದರೆ ಬೆಡ್‌ಪ್ಯಾನ್ ಅನ್ನು ದಾದಿ ತಾನೇ ನೋಡಬೇಕು, ಆಯಾಳಿಗೆ ಹೇಳಿ ಸುಮ್ಮನಾಗಬಾರದು.

ನಾಡಿ ಮೊದಲು, ಬಿಪಿ ಆಮೇಲೆ

60 ಕಿಲೋ ತೂಕದ ಮನುಷ್ಯನಲ್ಲಿ ನಾಲ್ಕು ಲೀಟರಿಗಿಂತ ತುಸು ಹೆಚ್ಚು ರಕ್ತವಿರುತ್ತದೆ. ಅದರಲ್ಲಿ ಅರ್ಧ ಲೀಟರಿನಷ್ಟು ಹೋದರೆ ಹೊರಗೆ ಹೆಚ್ಚೇನೂ ಕಾಣದು. ಅದಕ್ಕಿಂತ ಹೆಚ್ಚಾದಾಗ ನಾಡಿ ನೂರು ದಾಟುತ್ತದೆ, ಕೈಕಾಲು ತಣ್ಣಗಾಗುತ್ತವೆ, ಬಾಯಾರಿಕೆ, ಚಡಪಡಿಕೆ ಶುರುವಾಗುತ್ತದೆ. ಮಲಗಿದವನ ರಕ್ತದೊತ್ತಡ ಸ್ಪಷ್ಟವಾಗಿ ಕುಸಿಯುವುದು ಸುಮಾರು ಶೇ. 30ರಷ್ಟು ರಕ್ತ ಹೋದ ಮೇಲೆ. "ಬಿಪಿ ನಾರ್ಮಲ್ ಇದೆ" ಎಂದು ಬರೆದು ಬೇರೆ ಹಾಸಿಗೆಗೆ ಹೋದರೆ ಮೋಸ ಹೋದಂತೆ. ಸುಲಭದ ಲೆಕ್ಕ ಹೀಗೆ: ನಿಮಿಷದ ನಾಡಿಯ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಯನ್ನು ಮೀರಿದರೆ ಅಪಾಯ. ನಾಡಿ 120, ಬಿಪಿ 100 ಎಂದರೆ ಓಡಿ ಹೋಗಿ ವೈದ್ಯರನ್ನು ಕರೆಯಬೇಕು. ಹೃದಯದ ಕಾಯಿಲೆಗೆ ಅಟೆನೋಲಾಲ್, ಮೆಟೊಪ್ರೊಲಾಲ್ ನುಂಗುವವರಲ್ಲಿ ನಾಡಿ ಏರದೆಯೇ ಇರಬಹುದು. ಅವರ ಚೀಟಿ ನೋಡದೆ ನಾಡಿಯನ್ನು ನಂಬಬೇಡಿ.

ಹಿಮೋಗ್ಲೋಬಿನ್ ಕೂಡ ಮೊದಲ ಹೊತ್ತಿನಲ್ಲಿ ಸುಳ್ಳು ಹೇಳುತ್ತದೆ. ಪಾತ್ರೆಯಲ್ಲಿದ್ದ ಸಾರಿನಲ್ಲಿ ಅರ್ಧ ಚೆಲ್ಲಿಹೋದರೆ ಉಳಿದ ಸಾರಿನ ಉಪ್ಪು ಖಾರ ಮೊದಲಿನಷ್ಟೇ ಇರುತ್ತದೆ, ನೀರು ಬೆರೆಸಿದಾಗ ಮಾತ್ರ ತೆಳ್ಳಗಾಗುತ್ತದೆ. ರಕ್ತವೂ ಹಾಗೆಯೇ. ಚೆಲ್ಲಿದ ಕೂಡಲೇ ಪರೀಕ್ಷಿಸಿದರೆ 12 ಇದ್ದದ್ದು 12 ಎಂದೇ ಬರುತ್ತದೆ. ದೇಹ ನೀರನ್ನು ಎಳೆದುಕೊಂಡು, ನಾವು ಗ್ಲೂಕೋಸು ಸಲೈನು ಏರಿಸಿ, ಗಂಟೆಗಳು ಕಳೆದ ಮೇಲೆ 7ಕ್ಕೋ 8ಕ್ಕೋ ಇಳಿದದ್ದು ಕಾಣುತ್ತದೆ. ಮೊದಲ ರಿಪೋರ್ಟನ್ನು ಹಿಡಿದು "ರಕ್ತ ಚೆನ್ನಾಗಿದೆ" ಎಂದು ರೋಗಿಯನ್ನು ಮನೆಗೆ ಕಳಿಸಬಾರದು.

ಕೈಗಳು ಮಾಡಬೇಕಾದ ಕೆಲಸ

ಭತ್ತದ ಗಿರಣಿಯಲ್ಲಿ ಮೂಟೆ ಹೊರುವ ನಲವತ್ತೈದರ ವ್ಯಕ್ತಿಯೊಬ್ಬರನ್ನು ಇಬ್ಬರು ಹಿಡಿದುಕೊಂಡು ಸಿದ್ದಾಪುರದ ಒಂದು ಚಿಕ್ಕ ಚಿಕಿತ್ಸಾಲಯಕ್ಕೆ ಕರೆತಂದರು ಎಂದಿಟ್ಟುಕೊಳ್ಳಿ. ಅಂಗಿಯ ಮೇಲೆ ರಕ್ತ. ರಾತ್ರಿ ಎಂಟು ಗಂಟೆ. ವೈದ್ಯರು ಫೋನಿನಲ್ಲಿ ಸಿಗುತ್ತಾರೆ, ಬರಲು ಸಮಯ ಬೇಕು.

ಮೊದಲು ಮಲಗಿಸಬೇಕು. ಕೂರಿಸುವುದು, ನಡೆಸುವುದು, ಸಂಡಾಸಿಗೆಂದು ಎಬ್ಬಿಸುವುದು ಕೂಡದು. ಎಷ್ಟೋ ರೋಗಿಗಳು ಕುಸಿಯುವುದು ಶೌಚಾಲಯದ ಬಾಗಿಲಲ್ಲೇ. ವಾಂತಿ ಮುಂದುವರಿದಿದ್ದರೆ ಎಡಮಗ್ಗುಲಿಗೆ ತಿರುಗಿಸಿ, ರಕ್ತ ಶ್ವಾಸನಾಳಕ್ಕೆ ಹೋಗದಿರಲಿ. ಬಾಯಿಯಲ್ಲಿರುವುದನ್ನು ಸಕ್ಷನ್ ಇದ್ದರೆ ಸಕ್ಷನ್‌ನಿಂದ, ಇಲ್ಲದಿದ್ದರೆ ಬಟ್ಟೆಯಿಂದ ತೆಗೆಯಿರಿ. ವಾಂತಿ ನಿಂತಿದ್ದು ಬಿಪಿ ಇಳಿದಿದ್ದರೆ ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಹೊದಿಕೆ ಹಾಕಿ, ತಣ್ಣಗಾದ ದೇಹದಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಬಾಯಿಗೆ ಏನೂ ಬೇಡ: ನೀರು, ಎಳನೀರು, ಮಜ್ಜಿಗೆ, ಸೋಡಾ ಯಾವುದೂ ಬೇಡ. ರೋಗಿ ಬಾಯಾರಿಕೆಯಿಂದ ಬೇಡಿಕೊಳ್ಳುತ್ತಾನೆ, ಮನೆಯವರು ಕಣ್ಣು ತಪ್ಪಿಸಿ ಕುಡಿಸುತ್ತಾರೆ. ತುಟಿಗೆ ಒದ್ದೆ ಹತ್ತಿ ಒತ್ತಿ, ಕಾರಣವನ್ನು ಮನೆಯವರಿಗೆ ಬಿಡಿಸಿ ಹೇಳಬೇಕು.

ಮುಂದಿನದು ಸೂಜಿ. ಎರಡೂ ಕೈಗೆ ಒಂದೊಂದು ದೊಡ್ಡ ಕ್ಯಾನುಲಾ ಬೇಕು: ಹಸಿರು ಬಣ್ಣದ 18 ಗೇಜ್ ಅಥವಾ ಬೂದು ಬಣ್ಣದ 16. ವಾರ್ಡಿನಲ್ಲಿ ರೂಢಿಯಾಗಿರುವ ನೀಲಿ 22 ಇಲ್ಲಿ ಸಾಲದು, ತೊಟ್ಟಿಯ ನೀರನ್ನು ಸ್ಟ್ರಾ ಹಾಕಿ ತುಂಬಿಸಿದಂತೆ. ಇನ್ನು ಹತ್ತು ನಿಮಿಷ ಕಳೆದರೆ ನರಗಳು ಕುಗ್ಗಿ ಸೂಜಿ ಸಿಗುವುದೇ ಕಷ್ಟ, ಆದ್ದರಿಂದ ಬೇರೆಲ್ಲ ಬಿಟ್ಟು ಇದನ್ನು ಮಾಡಿ. ಚುಚ್ಚಿದಾಗಲೇ ಗುಂಪು ಪರೀಕ್ಷೆಗೆ, ಕ್ರಾಸ್‌ಮ್ಯಾಚ್‌ಗೆ ರಕ್ತ ತೆಗೆದು ಹೆಸರು, ಸಮಯ ಬರೆದಿಡಿ. ನಂತರ ವೈದ್ಯರು ಹೇಳಿದಷ್ಟು ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್. ಸಾಮಾನ್ಯವಾಗಿ 500 ಮಿಲಿಲೀಟರ್ ಬೇಗನೆ ಹರಿಸಿ, ಮತ್ತೆ ನಾಡಿ ನೋಡಿ ಮುಂದುವರಿಸುತ್ತಾರೆ. ಗುರಿ ಬಿಪಿಯನ್ನು 90-100ಕ್ಕೆ ತರುವುದು, 140ಕ್ಕಲ್ಲ. ಯಕೃತ್ತಿನ ರೋಗಿಗೆ ಬಾಟಲಿ ಮೇಲೆ ಬಾಟಲಿ ಏರಿಸಿದರೆ ಒಳಗಿನ ರಕ್ತನಾಳದ ಒತ್ತಡ ಏರಿ ನಿಂತ ರಕ್ತ ಮತ್ತೆ ಒಡೆಯುತ್ತದೆ.

ವಾಂತಿಯನ್ನು ಚೆಲ್ಲಬೇಡಿ. ಮಗ್ ಇಟ್ಟು ಅಳತೆ ಮಾಡಿ, ಬಣ್ಣ, ಗಂಟೆ, ಪ್ರಮಾಣ ಬರೆಯಿರಿ. ಮನೆಯವರ "ಒಂದು ಬಕೆಟ್" ಕೆಲವೊಮ್ಮೆ ಒಂದು ಲೋಟ, ಅವರ "ಸ್ವಲ್ಪ" ಕೆಲವೊಮ್ಮೆ ಒಂದು ಲೀಟರ್. ಕಾಲುಗಂಟೆಗೊಮ್ಮೆ ನಾಡಿ, ಬಿಪಿ, ಉಸಿರು, ಪ್ರಜ್ಞೆ. ಮೂತ್ರದ ಕ್ಯಾತಿಟರ್ ಹಾಕಿದ್ದರೆ ಗಂಟೆಗೆ 30 ಮಿಲಿಲೀಟರ್ ಬರುತ್ತಿದೆಯೇ ನೋಡಿ. ಮೂತ್ರ ನಿಂತಿತೆಂದರೆ ಮೂತ್ರಪಿಂಡಕ್ಕೆ ರಕ್ತ ತಲಪುತ್ತಿಲ್ಲ.

ಹಳೆಯ ದಾದಿಯರಿಗೆ ಕಲಿಸಿದ ಒಂದು ಪಾಠವನ್ನು ಬಿಡಬೇಕಾಗಿದೆ. ಮೂಗಿನಿಂದ ರೈಲ್ಸ್ ಟ್ಯೂಬ್ ಇಳಿಸಿ ಮಂಜುಗಡ್ಡೆಯ ಸಲೈನ್‌ನಿಂದ ಹೊಟ್ಟೆ ತೊಳೆಯುವುದು ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಅದರಿಂದ ರಕ್ತ ನಿಲ್ಲುವುದಿಲ್ಲ, ರೋಗಿಯ ದೇಹ ತಣ್ಣಗಾಗುತ್ತದೆ ಅಷ್ಟೇ. ಇನ್ನೊಂದು, ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್. ಹೆರಿಗೆಯ ರಕ್ತಸ್ರಾವದಲ್ಲಿ, ಅಪಘಾತದಲ್ಲಿ ಅದು ಜೀವ ಉಳಿಸುತ್ತದೆ, ಹಾಗಾಗಿ ಇಲ್ಲೂ ಕೈ ಅದರ ಕಡೆಗೇ ಹೋಗುತ್ತದೆ. ಆದರೆ 15 ದೇಶಗಳ 12,009 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಹಾಲ್ಟ್-ಇಟ್ ಅಧ್ಯಯನದಲ್ಲಿ ಹೊಟ್ಟೆ ಕರುಳಿನ ರಕ್ತಸ್ರಾವಕ್ಕೆ ಅದರಿಂದ ಸಾವು ಕಡಿಮೆಯಾಗಲಿಲ್ಲ. ಕಾಲಿನ, ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ತೊಂದರೆ ಮಾತ್ರ ಹೆಚ್ಚಾಯಿತು. ಹೊಟ್ಟೆ ನೋವೆಂದು ಡೈಕ್ಲೋಫೆನಾಕ್ ಚುಚ್ಚುವುದಂತೂ ಉರಿಯುವ ಬೆಂಕಿಗೆ ಎಣ್ಣೆ.

108ಕ್ಕೆ ಕರೆ ಮಾಡುವ ಕೆಲಸ ಇದೆಲ್ಲ ಮುಗಿದ ಮೇಲಲ್ಲ, ರೋಗಿ ಬಾಗಿಲಿಗೆ ಬಂದಾಗಲೇ. ಕರ್ನಾಟಕದಲ್ಲಿ ಆರೋಗ್ಯ ಕವಚ ಆಂಬ್ಯುಲೆನ್ಸ್ ಸೇವೆ 2008ರಲ್ಲಿ ಶುರುವಾಯಿತು, ಈಗ ಹಳ್ಳಿಯ ಮಕ್ಕಳಿಗೂ ಆ ನಂಬರು ಗೊತ್ತು. ಕಳಿಸುವ ಮೊದಲು ಆ ಆಸ್ಪತ್ರೆಗೆ ಫೋನ್ ಮಾಡಿ ಎರಡು ವಿಷಯ ಕೇಳಿ: ಈ ಹೊತ್ತಿನಲ್ಲಿ ರಕ್ತ ಇದೆಯೇ? ಎಂಡೋಸ್ಕೋಪಿ ಮಾಡುವವರು ಇದ್ದಾರೆಯೇ? ಇದನ್ನು ಕೇಳದೆ ಕಳಿಸಿದ ರೋಗಿ ಒಂದು ಊರಿನಿಂದ ಇನ್ನೊಂದು ಊರಿಗೆ ಅಲೆಯುತ್ತಾನೆ. ಜೊತೆಗೆ ಒಂದು ಚೀಟಿ: ವಾಂತಿ ಎಷ್ಟು ಗಂಟೆಗೆ ಆಯಿತು, ನಾಡಿ ಬಿಪಿ ಹೇಗೆ ಬದಲಾಯಿತು, ಏನೇನು ಏರಿಸಿದ್ದೀರಿ, ಯಾವ ಮಾತ್ರೆ ನುಂಗುತ್ತಿದ್ದರು. ಗುಂಪು ಹೊಂದುವ ನೆಂಟರು ಇಬ್ಬರು ಜೊತೆಗೆ ಹೋದರೆ ಒಳ್ಳೆಯದು.

ಕಾರಣ ಎಲ್ಲಿದೆ?

ಹುಣ್ಣಿನ ಕಥೆ ಮೊದಲು. ಹೊಟ್ಟೆಯ ಹುಣ್ಣಿಗೆ ಖಾರ, ಚಿಂತೆ ಕಾರಣ ಎಂದು ತಲೆಮಾರುಗಳ ಕಾಲ ನಂಬಲಾಗಿತ್ತು. ಗಂಗಾವತಿ ಸೀಮೆಯ ಮಂಡಕ್ಕಿ ಮಿರ್ಚಿಗೆ ಈ ಅಪವಾದ ಇನ್ನೂ ತಪ್ಪಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ಬರಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ. ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ.

ಆಗುವವರಲ್ಲಿ ಬೆಂಕಿ ಹಚ್ಚುವುದು ನೋವಿನ ಗುಳಿಗೆ. ನಾಟಿಯ ಕಾಲದಲ್ಲಿ ದಿನವಿಡೀ ಬಗ್ಗಿ ದುಡಿಯುವ ಹೆಂಗಸಿಗೂ, ಗಿರಣಿಯಲ್ಲಿ ಮೂಟೆ ಹೊರುವ ಗಂಡಸಿಗೂ ಸಂಜೆಗೆ ಸೊಂಟ ಎತ್ತಲಾಗದು. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುವ ಗುಳಿಗೆಯನ್ನು ನುಂಗಿ ಮರುದಿನದ ಕೂಲಿಗೆ ಸಿದ್ಧರಾಗುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಗುಂಪಿನ ಔಷಧಿಗಳು ನೋವನ್ನು ತಗ್ಗಿಸುವಾಗಲೇ ಹೊಟ್ಟೆಯ ಒಳಗೋಡೆಯನ್ನು ಆಮ್ಲದಿಂದ ಕಾಯುವ ರಸವನ್ನೂ ತಗ್ಗಿಸುತ್ತವೆ. "ಗುಳಿಗೆ ಆಗೋದಿಲ್ಲ, ಸೂಜಿ ಮಾಡ್ರಿ" ಎನ್ನುವವರಿಗೆ ಹೇಳಬೇಕಾದ್ದು: ಸೂಜಿಯಲ್ಲಿ ಕೊಟ್ಟರೂ ಔಷಧಿ ರಕ್ತದ ಮೂಲಕ ಹೊಟ್ಟೆಗೆ ಬಂದು ಅದೇ ಕೆಲಸ ಮಾಡುತ್ತದೆ. ಬಡವನ ಬೆನ್ನುನೋವಿಗೆ ವಿಶ್ರಾಂತಿ ಬರೆದುಕೊಡುವುದು ಸುಲಭ, ವಿಶ್ರಾಂತಿಯ ದಿನದ ಕೂಲಿ ಕೊಡುವವರು ಯಾರು ಎಂಬ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಕನಿಷ್ಠ ಊಟದ ನಂತರ, ವೈದ್ಯರು ಹೇಳಿದಷ್ಟೇ ದಿನ, ಸಾಧ್ಯವಾದಲ್ಲಿ ಪ್ಯಾರಾಸಿಟಮಾಲ್ ಎಂದಾದರೂ ಹೇಳೋಣ.

ಕರಾವಳಿಯ ವೃದ್ಧರಲ್ಲಿ ಇದೇ ಕಥೆಯ ಇನ್ನೊಂದು ರೂಪ: ಹೃದಯಕ್ಕೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್, ಮೊಣಕಾಲಿಗೆ ಇನ್ನೊಂದು ವೈದ್ಯರ ನೋವಿನ ಮಾತ್ರೆ. ಎರಡೂ ಚೀಟಿಗಳನ್ನು ಒಬ್ಬರೇ ನೋಡಿರುವುದಿಲ್ಲ. ಹಾಗೆಂದು ಹೃದಯದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಸ್ಟೆಂಟ್ ಹಾಕಿದವರಿಗೆ ಅದು ಪ್ರಾಣಾಪಾಯ.

ಎರಡನೆಯ ದೊಡ್ಡ ಕಾರಣ ಯಕೃತ್ತು. ವರ್ಷಗಟ್ಟಲೆ ಮದ್ಯ, ಅಥವಾ ಹೆಪಟೈಟಿಸ್ ಬಿ, ಸಿ ಸೋಂಕು, ಕುಡಿಯದವರಲ್ಲೂ ಬರುವ ಕೊಬ್ಬಿನ ಕಾಯಿಲೆ ಯಕೃತ್ತನ್ನು ಗಡುಸಾಗಿಸುತ್ತವೆ. ಅದರ ಮೂಲಕ ಹಾದು ಹೋಗಬೇಕಾದ ರಕ್ತ ದಾರಿಯಿಲ್ಲದೆ ಅನ್ನನಾಳದ ಕೆಳಗಿನ ನರಗಳಲ್ಲಿ ತುಂಬಿ ಅವು ಉಬ್ಬುತ್ತವೆ. ಒಂದು ದಿನ ಒಡೆಯುತ್ತವೆ. ಇದು ಬಹಳ ಜೋರಿನ ರಕ್ತಸ್ರಾವ, ಇಂಥವರಿಗೆ 12 ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು. ಅದಕ್ಕೂ ಮೊದಲೇ ಆಕ್ಟ್ರಿಯೊಟೈಡ್ ಅಥವಾ ಟೆರ್ಲಿಪ್ರೆಸ್ಸಿನ್, ಜೊತೆಗೆ ಆ್ಯಂಟಿಬಯಾಟಿಕ್ ಶುರುವಾಗಬೇಕು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ. ಪ್ಯಾಕೆಟ್ ಹೋಯಿತು, ಕುಡಿತ ಹೋಗಲಿಲ್ಲ. ಇಂಥ ರೋಗಿಯನ್ನು ನೋಡಿಕೊಳ್ಳುವ ದಾದಿಗೆ ಇನ್ನೆರಡು ಎಚ್ಚರ ಬೇಕು. ಕರುಳಿನಲ್ಲಿ ಉಳಿದ ರಕ್ತದಿಂದ ಅಮೋನಿಯಾ ಏರಿ ಮಂಪರು, ಗೊಂದಲ ಬರಬಹುದು: ಹೆಸರು ಕೇಳಿ, ದಿನ ಕೇಳಿ, ಕೈ ಚಾಚಿಸಿ ನಡುಗುತ್ತದೆಯೇ ನೋಡಿ. ಕುಡಿತ ಹಠಾತ್ ನಿಂತದ್ದರಿಂದ ಒಂದೆರಡು ದಿನಗಳಲ್ಲಿ ಬೆವರು, ನಡುಕ, ಇಲ್ಲದ್ದು ಕಾಣುವುದು ಶುರುವಾಗಬಹುದು. "ಹಠ ಮಾಡುತ್ತಾನೆ" ಎಂದು ಕೈಕಾಲು ಕಟ್ಟುವ ಮೊದಲು ವೈದ್ಯರಿಗೆ ತಿಳಿಸಿ. ಕುಡುಕನೆಂದು ಹೀಯಾಳಿಸುವ ಮಾತು ವಾರ್ಡಿನಲ್ಲಿ ಕೇಳಿಬರುತ್ತದೆ, ಅದು ನಾಡಿ ನೋಡುವ ಕೈಯನ್ನು ನಿಧಾನಗೊಳಿಸುತ್ತದೆ.

ಗದ್ದೆಯ ಸೀಮೆಯಲ್ಲಿ ಮರೆಯಬಾರದ ಇನ್ನೊಂದು ಕಾರಣ ಹಾವು. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಹೋಗಿ ವಸಡು, ಮೂತ್ರ, ಹೊಟ್ಟೆ ಎಲ್ಲಿಂದಲಾದರೂ ರಕ್ತ ಬರಬಹುದು. ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಒಣಗಿದ ಶುದ್ಧ ಗಾಜಿನ ಟ್ಯೂಬಿನಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಬಾಗಿಸಿ. ಇನ್ನೂ ಹರಿಯುತ್ತಿದ್ದರೆ ಬೇಕಾದದ್ದು ವಿಷನಿರೋಧಕ ಔಷಧ. ಜ್ವರದೊಂದಿಗೆ ರಕ್ತಸ್ರಾವವಾದರೆ ಡೆಂಗ್ಯೂ, ವಾರಗಟ್ಟಲೆ ಕಾಡಿದ ಜ್ವರವಾದರೆ ಟೈಫಾಯ್ಡ್‌ನಿಂದಾದ ಕರುಳ ಹುಣ್ಣು ನೆನಪಿರಲಿ. ಮಲದೊಂದಿಗೆ ಕೆಂಪು ರಕ್ತ ಬಂದರೆ ಎಲ್ಲರೂ ಮೂಲವ್ಯಾಧಿ ಎನ್ನುತ್ತಾರೆ, ಹೆಚ್ಚಾಗಿ ಅದು ನಿಜವೂ ಹೌದು. ಆದರೆ ವಯಸ್ಸಾದವರಲ್ಲಿ ಹೊಸದಾಗಿ ಕಂಡರೆ ಕರುಳಿನ ಗಡ್ಡೆ ಇಲ್ಲವೆಂದು ಪರೀಕ್ಷಿಸಿಯೇ ಸಮಾಧಾನಪಡಬೇಕು.

ರಕ್ತ ಕೊಡುವಾಗ

ರಕ್ತ ಹೋದಷ್ಟೂ ತುಂಬಿಸಬೇಕು ಎನ್ನುವುದು ಮನೆಯವರ ಆಸೆ. ಬಾರ್ಸಿಲೋನಾದಲ್ಲಿ ಒಂಬೈನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳಿತು. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ ಆರು ವಾರದ ನಂತರ ಶೇ. 95 ಮಂದಿ ಬದುಕಿದ್ದರು, 9ಕ್ಕಿಂತ ಇಳಿದಾಗಲೇ ಕೊಟ್ಟವರಲ್ಲಿ ಶೇ. 91. ಧಾರಾಕಾರವಾಗಿ ರಕ್ತ ಹೋಗುತ್ತಿರುವವರಿಗೆ, ಹೃದ್ರೋಗಿಗಳಿಗೆ ಈ ಲೆಕ್ಕ ಬೇರೆ.

ರಕ್ತದ ಚೀಲವನ್ನು ಜೋಡಿಸುವ ಮೊದಲು ಇಬ್ಬರು ಸೇರಿ ರೋಗಿಯ ಹೆಸರು, ಆಸ್ಪತ್ರೆ ನಂಬರು, ಗುಂಪು, ಚೀಲದ ಸಂಖ್ಯೆ, ಅವಧಿ ಓದಬೇಕು. ರೋಗಿಗೆ ಪ್ರಜ್ಞೆಯಿದ್ದರೆ ಹೆಸರನ್ನು ಅವರ ಬಾಯಿಂದಲೇ ಕೇಳಿ. ಸಿದ್ದಾಪುರದಂತಹ ಊರಿನಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಹನುಮಂತಪ್ಪ, ಮೂವರು ಯಂಕಮ್ಮ ಇರುವುದು ಅಪರೂಪವಲ್ಲ. ಮೊದಲ 15 ನಿಮಿಷ ದಾದಿ ಹಾಸಿಗೆ ಬಿಟ್ಟು ಕದಲಬಾರದು. ಚಳಿ, ಸೊಂಟ ನೋವು, ಉಸಿರುಕಟ್ಟು, ಮೈಯಲ್ಲಿ ದದ್ದು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಆ ಸೂಜಿಯಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಹರಿಯಬಾರದು, ಒಂದು ಚೀಲ ನಾಲ್ಕು ಗಂಟೆಯೊಳಗೆ ಮುಗಿಯಬೇಕು.

ರಕ್ತ ಮಾತ್ರ ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ. ಕೆಂಪು ಕಣಗಳ ಚೀಲ ಐದಾರು ವಾರಕ್ಕಿಂತ ಹೆಚ್ಚು ಬಾಳುವುದೂ ಇಲ್ಲ. ನಮ್ಮ ಐಸಿವೈಎಂ ಘಟಕಗಳು ಹಬ್ಬದ ದಿನ ದೊಡ್ಡ ಶಿಬಿರ ಮಾಡಿ ಫೋಟೋ ಕಳಿಸುತ್ತವೆ, ಸಂತೋಷ. ವರ್ಷಕ್ಕೊಮ್ಮೆ ನೂರು ಜನ ಕೊಡುವುದಕ್ಕಿಂತ ಮೂರು ತಿಂಗಳಿಗೊಮ್ಮೆ ಇಪ್ಪತ್ತೈದು ಜನ ಕೊಟ್ಟರೆ ರಕ್ತನಿಧಿಗೆ ಹೆಚ್ಚು ಉಪಯೋಗ. ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಎಂಡೋಸ್ಕೋಪಿಯ ನಂತರ

ಒಡೆದ ನರಕ್ಕೆ ರಬ್ಬರ್ ಬ್ಯಾಂಡ್, ಹುಣ್ಣಿಗೆ ಕ್ಲಿಪ್ ಅಥವಾ ಸುಡುವಿಕೆ, ಜೊತೆಗೆ ಅಡ್ರಿನಲಿನ್ ಸೂಜಿ ಎಂದು ತಜ್ಞರು ತಮ್ಮ ಕೆಲಸ ಮುಗಿಸುತ್ತಾರೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಹುಣ್ಣು ಮತ್ತೆ ರಕ್ತ ಸುರಿಸುವುದಾದರೆ ಹೆಚ್ಚಾಗಿ ಮೊದಲ 72 ಗಂಟೆಯಲ್ಲೇ. ಕಪ್ಪು ಮಲ ಮೂರ್ನಾಲ್ಕು ದಿನ ಬರುತ್ತಲೇ ಇರಬಹುದು, ಅದು ಹಳೆಯ ರಕ್ತ. ಭಯ ಪಡಬೇಕಾದದ್ದು ಇಳಿದ ನಾಡಿ ಮತ್ತೆ ಏರಿದಾಗ, ಹೊಸ ಕೆಂಪು ವಾಂತಿಯಾದಾಗ, ರೋಗಿ ಕಾರಣವಿಲ್ಲದೆ ಚಡಪಡಿಸಿದಾಗ. ರಾತ್ರಿ ಪಾಳಿಯ ದಾದಿಗೆ ಹಗಲಿನವರು ಇದನ್ನು ಬಾಯಿಮಾತಿನಲ್ಲಿ ಹೇಳಿ, ಚಾರ್ಟಿನಲ್ಲಿಯೂ ಬರೆಯಬೇಕು.

ಧರ್ಮಗುರುಗಳಿಗೂ ಪರಮಪ್ರಸಾದ ಒಯ್ಯುವ ಸೇವಕರಿಗೂ ಒಂದು ಸೂಚನೆ. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಆಸ್ಪತ್ರೆಯ ಹಾಸಿಗೆಯಲ್ಲಿ, ಅಗತ್ಯವಿದ್ದರೆ ಆಂಬ್ಯುಲೆನ್ಸಿನ ಬಾಗಿಲಲ್ಲೂ ಕೊಡಬಹುದು, ಅದಕ್ಕಾಗಿ ರೋಗಿಯನ್ನು ಮನೆಯಲ್ಲಿ ಕಾಯಿಸುವ ಕಾರಣವಿಲ್ಲ. ಬಾಯಿಗೆ ಏನೂ ಕೊಡಬಾರದೆಂದು ಚೀಟಿ ತೂಗಿದ ಹಾಸಿಗೆಗೆ ಪರಮಪ್ರಸಾದ ಒಯ್ದಾಗ ಮೊದಲು ದಾದಿಯನ್ನು ಕೇಳಿ. ತೀರ್ಥದ ಗುಟುಕೂ ಬೇಡ. ಹತ್ತಿರ ನಿಂತು ಪ್ರಾರ್ಥಿಸಲು ಯಾವ ದಾದಿಯೂ ಅಡ್ಡಿಪಡಿಸುವುದಿಲ್ಲ.

ಮನೆಗೆ ಹೊರಟವರಿಗೆ ದಾದಿ ಹೇಳಬೇಕಾದದ್ದು ಇಷ್ಟು. ಪೈಲೋರಿ ಸೋಂಕಿಗೆ ಬರೆದ ಮಾತ್ರೆಗಳನ್ನು ಹೊಟ್ಟೆನೋವು ಹೋಯಿತೆಂದು ಮೂರನೆಯ ದಿನಕ್ಕೆ ಬಿಡಬಾರದು, ಸಾಮಾನ್ಯವಾಗಿ 14 ದಿನ ಪೂರ್ತಿಯಾಗಬೇಕು. ಬ್ಯಾಂಡ್ ಹಾಕಿಸಿಕೊಂಡವರು ಕೆಲವು ವಾರಗಳಲ್ಲಿ ಮತ್ತೆ ಬರಬೇಕು, ಒಂದೇ ಸಲಕ್ಕೆ ಎಲ್ಲ ನರಗಳೂ ಮುಗಿಯುವುದಿಲ್ಲ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾದೀತು ಎಂದು ಮೊದಲೇ ತಿಳಿಸಿ, ಡಾಂಬರಿನ ಜಿಗುಟು ಮತ್ತು ವಾಸನೆ ಬಂದರೆ ಮಾತ್ರ ತಡಮಾಡದೆ ಹೊರಡಬೇಕೆಂದು ಹೇಳಿ. ನುಂಗಬಾರದ ನೋವಿನ ಗುಳಿಗೆಗಳ ಹೆಸರನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಡಿ. ಓದು ಬಾರದವರಾದರೆ ಖಾಲಿ ಸ್ಟ್ರಿಪ್ಪನ್ನೇ ಕೊಟ್ಟು, ಅಂಗಡಿಯವನು ಇಂಥದ್ದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ ಎಂದು ತೋರಿಸಿ.